ಮೂರನೆಯ ‘ಬೇಡ’

ಜನವರಿ 6, ಸೋಮವಾರ

ಐವತ್ತು ದಾಟಿದ ಮೇಲೆ ಮೊದಲ ನೌಕರಿಗೆ ಹೋಗಿ ಬಂದೆ. ಕಾಲು ನೋಯುತ್ತದೆ ಅಂದುಕೊಂಡಿದ್ದೆ. ನೋಯುತ್ತಿರುವುದು ಕಿವಿ. ದಿನವಿಡೀ ಹೆಡ್‌ಫೋನು ಹಾಕಿಕೊಂಡು ಕೂತಿದ್ದೆ.

ಆಫೀಸು ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ, ಸೀರೆ ಅಂಗಡಿಯೊಂದರ ಮೇಲೆ. ಕಿಟಕಿಯ ಮಟ್ಟಕ್ಕೇ ಮೆಟ್ರೊ ಹೋಗುತ್ತದೆ. ಮನೆಗಳಿಗೆ ಲಿಫ್ಟ್ ಕೂರಿಸುವ ಕಂಪನಿ ಇದು. ‘ಲಿಫ್ಟಿಗೆ ಎಷ್ಟಾಗುತ್ತೆ’ ಎಂದು ಯಾವಾಗಲೋ ಮೊಬೈಲಿನಲ್ಲಿ ವಿಚಾರಿಸಿದವರ ಹೆಸರು, ನಂಬರು ನಮ್ಮ ಕಂಪ್ಯೂಟರಿಗೆ ಬರುತ್ತದೆ. ಅದಕ್ಕೆ ಲೀಡ್ ಎನ್ನುತ್ತಾರೆ. ಅವರಿಗೆ ಫೋನು ಮಾಡಿ, ಮಾತಾಡಿ, ಮಾತಿನಲ್ಲೇ ಒಪ್ಪಿಸುವುದು ನಮ್ಮ ಕೆಲಸ. ತಮಾಷೆಯೆಂದರೆ ನಮ್ಮ ಕಟ್ಟಡಕ್ಕೇ ಲಿಫ್ಟ್ ಇಲ್ಲ.

ನಮಗೆ ಹೇಳಿಕೊಡುವವನು ಓವೈಸ್, ಶಿವಾಜಿನಗರದವನು. ನನಗೆ ಮಗನಿದ್ದಿದ್ದರೆ ಇವನಷ್ಟಿರುತ್ತಿದ್ದ. ಒಂದು ಗಂಟೆಯೊಳಗೆ ಕನ್ನಡ, ತಮಿಳು, ಉರ್ದು, ಇಂಗ್ಲಿಷು ಎಲ್ಲದರಲ್ಲೂ ಮಾತಾಡಿದ, ಒಬ್ಬೊಬ್ಬರ ಜೊತೆ ಒಂದೊಂದು ದನಿ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವನೇ ನನ್ನ ಬಾಯಿ ಮುಚ್ಚಿಸಿದ: “ಮೇಡಂ, ಕಾಲ್ ಬಂತು, ಎತ್ತಿ.”

ಷರತ್ತು ಇಷ್ಟು. ಮಾರ್ಚ್ ಮುಗಿಯುವುದರೊಳಗೆ ನನ್ನ ಮಾತಿನಿಂದ ಒಂದಾದರೂ ಲಿಫ್ಟ್ ಮಾರಾಟವಾಗಬೇಕು. ಇಲ್ಲದಿದ್ದರೆ ಮನೆ. ಮನೆಯೆಂದರೆ ಜೀವನ್ ಬಿಮಾ ನಗರದ ಎರಡು ರೂಮು, ವಿಮಾ ಆಫೀಸಿನಿಂದ ರಿಟೈರಾದ ಇವರು, ಇವರ ಟಿವಿ, ಇವರ ಹನ್ನೊಂದು ಗಂಟೆಯ ಕಾಫಿ. ಇವರು ಒಳ್ಳೆಯವರೇ. ಆದರೆ ಹಗಲಿಡೀ ಅದೇ ಮುಖ, ಅದೇ ಗೋಡೆ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಬೇರೆ ಎಲ್ಲಾದರೂ ಇರಬೇಕು ಅನಿಸಿಬಿಟ್ಟಿದೆ ನನಗೆ. ಈ ಕೆಲಸ ಹೋಗಬಾರದು.

ಜನವರಿ 8, ಬುಧವಾರ

ಓವೈಸ್ ನನ್ನ ಫೋನಿನ ರೆಕಾರ್ಡಿಂಗ್ ಕೇಳಿಸಿದ. “ಸಾರಿ, ತೊಂದ್ರೆ ಕೊಟ್ಟೆ” ಎಂದು ಶುರುಮಾಡಿ, ನಡುವೆ ನಾಲ್ಕಾರು ಸಲ ಸಾರಿ ಹೇಳಿ, “ಸಾರಿ, ಇಡ್ತೀನಿ” ಎಂದು ಮುಗಿಸಿದ್ದೇನೆ.

“ಅರೆ ಮೇಡಂ, ನಾವೇನು ಅವ್ರ ಮನೆ ಕೋಳಿ ಕದ್ದಿದ್ದೀವಾ?”

“ಸಾರಿ” ಅಂದೆ.

ಮಧ್ಯಾಹ್ನ ಒಬ್ಬರು ಬಾಯಿಗೆ ಬಂದಂತೆ ಬೈದರು. ಸುಸ್ತಾದ ಮೇಲೆ ಹೆಂಡತಿಯ ಕೈಗೆ ಫೋನು ಕೊಟ್ಟರು. ಅವರೂ ಬೈದರು. ಮನೆಗೆ ಬಂದರೆ ಇವರು, “ಈ ಬಿಸಿಲಲ್ಲಿ ಓಡಾಡ್ಕೊಂಡು ಯಾಕೆ ಬೇಕಿತ್ತು ನಿಂಗಿದು?” ಅಂದರು. ಜನವರಿಯಲ್ಲಿ ಎಂಥ ಬಿಸಿಲೋ!

ಜನವರಿ 16, ಗುರುವಾರ

ಹಬ್ಬದ ಎಳ್ಳುಬೆಲ್ಲ ಆಫೀಸಿನಲ್ಲಿ ಹಂಚಿ ಕೂತು, ವಾದಿರಾಜ ಎನ್ನುವವರಿಗೆ ಫೋನು ಮಾಡಿದೆ. ವಯಸ್ಸಾದ ದನಿ.

“ಯಾರಿಗೆ ಲಿಫ್ಟ್ ಬೇಕಿತ್ತೋ ಅವ್ಳು ಹೋಗ್ಬಿಟ್ಲು ತಾಯಿ, ದೀಪಾವಳಿಗೆ ಮುಂಚೆ. ನಾವು ರೇಟ್ ಕೇಳ್ಕೊಂಡೇ ಕೂತಿದ್ವಿ.”

ನಮಗೆ ಕೊಟ್ಟಿರುವ ಹಾಳೆಯಲ್ಲಿ ‘ರೇಟು ಜಾಸ್ತಿ’ ಅಂದರೆ ಏನು ಹೇಳಬೇಕು, ‘ಯೋಚಿಸ್ತೀವಿ’ ಅಂದರೆ ಏನು ಹೇಳಬೇಕು, ಎಲ್ಲ ಇದೆ. ಇದಕ್ಕೆ ಇಲ್ಲ. ಅವರೇ ಮಾತಾಡಿದರು. ಕೊನೆಯ ಸಲ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕಪಕ್ಕದವರು ಹೊತ್ತುಕೊಂಡು ಮೆಟ್ಟಿಲಿಳಿಸಿದರಂತೆ. “ಮದ್ವೆ ದಿನ ಇಷ್ಟು ಮರ್ಯಾದೆ ಸಿಗ್ಲಿಲ್ಲ ನಂಗೆ” ಎಂದು ಆಕೆ ನಕ್ಕರಂತೆ. ಹೇಳಿ ಮುಗಿಸಿ, “ಫೋನ್ ಮಾಡಿದ್ದು ಒಳ್ಳೇದಾಯ್ತು” ಅಂದರು. ನಾನು ಕಣ್ಣೊರೆಸಿಕೊಂಡೆ.

ಸಂಜೆ ಬಸ್ಸಿನಲ್ಲಿ ಬರುವಾಗ ಮೇಲಿನ ಮಹಡಿಗಳನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಈ ರಸ್ತೆಗಳಲ್ಲಿ ಅಂಗಡಿ ಬೋರ್ಡಿನಿಂದ ಮೇಲಕ್ಕೆ ಕಣ್ಣೆತ್ತಿರಲಿಲ್ಲ. ಪ್ರತಿ ಬಾಲ್ಕನಿಯಲ್ಲೂ ಒಂದು ಕುರ್ಚಿ, ಕುರ್ಚಿಯಲ್ಲಿ ಯಾರೋ ಒಬ್ಬರು. ಎಷ್ಟು ಜನ! ಮೇಲೊಂದು ಊರೇ ಇದೆ, ಕೆಳಗಿಳಿಯದ ಊರು. 

ಜನವರಿ 21, ಮಂಗಳವಾರ

ಹಲಸೂರಿನ ಮುನೀಂದ್ರ ಎನ್ನುವವರು ಸಿಕ್ಕರು. ಹಳೆಯ ಊರಿನ ಮನೆತನ, ಹಿಂದೆ ತರಕಾರಿ ತೋಟವಿತ್ತಂತೆ. ಈಗ ದೇವಸ್ಥಾನದ ಹತ್ತಿರ ಸ್ವಂತ ಕಟ್ಟಡ: ಕೆಳಗೆ ಅಂಗಡಿಗಳು, ನಡುವಿನ ಮಹಡಿಗಳಲ್ಲಿ ಬಾಡಿಗೆಯವರು, ತುತ್ತತುದಿಯಲ್ಲಿ ಇವರ ಸಂಸಾರ. ಈ ಕಡೆಯ ಮನೆ ಮಾಲೀಕರೆಲ್ಲ ಹೀಗೇ. ಒಳ್ಳೆಯ ಬಾಡಿಗೆ ಬರುವ ನೆಲವನ್ನು ಬಿಟ್ಟುಕೊಟ್ಟು ತಾವು ಮೇಲೆ ಮೇಲೆ ಹೋಗಿಬಿಡುತ್ತಾರೆ. ಆಮೇಲೆ ಮಂಡಿ ಹೋಗುತ್ತದೆ.

“ನಂಗೆ ಓಕೆ ಮೇಡಂ. ನಮ್ಮಮ್ಮ ಹೂಂ ಅನ್ಬೇಕು ಅಷ್ಟೆ. ಮನೆ ಅವ್ರ ಹೆಸ್ರಲ್ಲೈತೆ. ನೀವೇ ಮಾತಾಡಿ” ಎಂದು ಫೋನು ಕೊಟ್ಟರು.

ಮುನಿಗಂಗಮ್ಮ. ದನಿ ಕೇಳಿದರೆ ಭಾರಿ ಆಳು ಇರಬೇಕು.

“ಕರೆಂಟ್ ಹೋದ್ರೆ ಮಧ್ಯದಾಗೆ ನೇತಾಡ್ಕೊಂಡಿರಬೇಕಾ ನಾನು?”

ಬ್ಯಾಟರಿ ಇರುತ್ತದೆ, ತಾನಾಗಿ ಕೆಳಗಿಳಿದು ಬಾಗಿಲು ತೆಗೆಯುತ್ತದೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

“ಓಹೋ, ಒಳ್ಳೇದು. ಆದ್ರೂ ಬ್ಯಾಡ ಕಣವ್ವ.”

ಜನವರಿ 24, ಶುಕ್ರವಾರ

ಮುನಿಗಂಗಮ್ಮನಿಗೆ ಮತ್ತೆ ಮಾಡಿದೆ. ಇವತ್ತಿನ ಕಾರಣ: “ಮನೆ ನಡುವೆ ತೂತು ಕೊರೆದ್ರೆ ಲಕ್ಷ್ಮಿ ಕೆಳಕ್ಕೆ ಬಿದ್ದೋಗಲ್ವಾ?”

ಮನೆಯನ್ನು ಮುಟ್ಟುವುದೇ ಇಲ್ಲ, ಮೆಟ್ಟಿಲ ಪಕ್ಕ ಗಾಳಿಬೆಳಕಿಗೆ ಬಿಟ್ಟ ಜಾಗದಲ್ಲಿ ಕೂರಿಸುತ್ತೇವೆ ಅಂದೆ.

“ಅಂಗಾ? ಸರಿ ಬುಡು. ಆದ್ರೂ ಬ್ಯಾಡ.”

ಓವೈಸ್ ನಕ್ಕ. “ಮೊದಲ್ನೇ ಬೇಡ ಅಭ್ಯಾಸಕ್ಕೆ ಮೇಡಂ. ಎರಡನೇದು ಮರ್ಯಾದೆಗೆ. ಮೂರನೇದು ಬರುತ್ತಲ್ಲ, ಅದು ನಿಜ. ಅದನ್ನ ಹೇಳೋ ತನಕ ನೀವು ಕಾಯಲ್ಲ. ಪ್ರಶ್ನೆ ಕೇಳ್ಬಿಟ್ಟು ಉತ್ತರಾನೂ ನೀವೇ ಹೇಳ್ತೀರಿ. ಕೇಳಿ, ಸುಮ್ನೆ ಕೂತ್ಕೊಳ್ಳಿ.”

ಸುಮ್ಮನೆ ಕೂರುವುದಾ? ನಮ್ಮ ಮನೆಯಲ್ಲಿ ಯಾರಾದರೂ ಒಂದು ಗಳಿಗೆ ಸುಮ್ಮನಿದ್ದರೆ ಜ್ವರ ನೋಡುತ್ತೇವೆ.

ಜನವರಿ 29, ಬುಧವಾರ

ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಟೀ ಹೊತ್ತಿಗೆ ಮುನಿಗಂಗಮ್ಮ ಸಿಕ್ಕರು. “ಅಮ್ಮಾ, ನಿಜವಾಗಿ ಯಾಕೆ ಬೇಡ?” ಎಂದು ಕೇಳಿದೆ. ಕೇಳಿದ ತಕ್ಷಣ ಬಾಯಲ್ಲಿದ್ದ ಚಕ್ಕುಲಿಯ ಚೂರು ಗಂಟಲಿಗೆ ಸಿಕ್ಕಿಕೊಂಡಿತು. ಮೈಕು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಒದ್ದಾಡಿದೆ. ಮಾತಾಡುವ ಹಾಗೇ ಇರಲಿಲ್ಲ. ನೀರು ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಅವರು ಶುರುಮಾಡಿಬಿಟ್ಟಿದ್ದರು.

“ನೋಡವ್ವ, ನಾನು ಕೆಳಗಿಳಿದು ವರ್ಸಗಟ್ಲೆ ಆಯ್ತು. ಅವತ್ತಿಂದ ಎಲ್ರೂ ಮೇಲಕ್ಕೇ ಬತ್ತಾರೆ. ಮೊದಲ್ನೇ ಮಹಡಿ ಸಾಲೇಹಾ ದಿನಾ ಸಾಯಂಕಾಲ ಬತ್ತಾಳೆ. ಅಂಗಡಿಯೋರು ಬಾಡಿಗೇನ ಫೋನಲ್ಲೇ ಹಾಕ್ತೀವಿ ಅಂದ್ರು. ಬ್ಯಾಡ, ತಂದು ಕೊಡಿ ಅಂದೆ. ನಾನು ಮೆಟ್ಲು ಎದುರ್ಗೆ ಕುರ್ಚಿ ಹಾಕ್ಕೊಂಡು ಕುಂತಿರ್ತೀನಿ. ಮೊದ್ಲು ತಲೆ ಕಾಣ್ತದೆ, ಆಮೇಲೆ ಮುಖ. ಬೆವರು, ಏದುಸಿರು. ಮಾತೇ ಹೊರಡಲ್ಲ ಅವ್ರಿಗೆ. ಆ ಮುಖ ನೋಡಿದ್ದೀಯಾ ನೀನು? ನಂಗೋಸ್ಕರ ಹತ್ತಿರೋ ಮುಖ ಅದು. ಲಿಫ್ಟಾಗೆ ಬಂದೋರ ಮುಖದಾಗೆ ಏನಿರ್ತದೆ?”

“ಏನೂ ಇರಲ್ಲಮ್ಮ” ಅಂದೆ.

ಲಿಫ್ಟ್ ಮಾರುವವಳು ಹೇಳುವ ಮಾತೇ ಇದು! ರೆಕಾರ್ಡಿಂಗ್ ಕೇಳಿ ಓವೈಸ್ ತಲೆ ಹಿಡಿದುಕೊಂಡ. ಆದರೆ ಆಮೇಲೆ ಅದನ್ನೇ ಇನ್ನೊಮ್ಮೆ ಹಾಕಿ ಕೇಳಿದ. “ಕ್ಯಾ ಬಾತ್ ಹೈ” ಎಂದು ಮೆಲ್ಲಗೆ ಅಂದುಕೊಂಡ.

ಇಷ್ಟು ದಿನ ‘ಬೇಡ’ ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಅಂದುಕೊಂಡಿದ್ದೆ. ಅದರೊಳಗೆ ಇಂಥದ್ದು ಕೂತಿರುತ್ತದೆಂದು ಯಾರಿಗೆ ಗೊತ್ತಿತ್ತು.

ಜನವರಿ 30, ಗುರುವಾರ

ಬೇರೆ ಯಾರ ಫೋನೂ ಮನಸ್ಸಿಗೆ ಹತ್ತಲಿಲ್ಲ. ಆ ಮುಖದ ಮಾತೇ ತಲೆಯಲ್ಲಿ. ಓವೈಸ್ ಕೆಳಗೆ ಹೋಗಿದ್ದವನು ಏದುಸಿರು ಬಿಡುತ್ತ ಹತ್ತಿ ಬಂದ. “ಯಾರಿಗೋಸ್ಕರ?” ಎಂದು ಕೇಳಿದೆ. “ಟಾರ್ಗೆಟ್‌ಗೋಸ್ಕರ” ಅಂದ.

ಫೆಬ್ರವರಿ 5, ಬುಧವಾರ

ಕೆಡಿಸಿಬಿಟ್ಟೆ.

ಮುನಿಗಂಗಮ್ಮನಿಗೆ ಫೋನು ಮಾಡಿ, ಲಿಫ್ಟಿನ ಸುದ್ದಿಯೇ ಎತ್ತದೆ, ಖುಷಿಪಡಿಸೋಣವೆಂದು ಹೇಳಿದೆ: “ನಿಮಗೇನಮ್ಮ, ಅಷ್ಟು ಎತ್ತರದಲ್ಲಿದ್ದೀರಿ. ಏಪ್ರಿಲಲ್ಲಿ ಉತ್ಸವದ ದಿನ ಸ್ವಾಮಿ ಪಲ್ಲಕ್ಕಿ ನಿಮ್ಮ ಬೀದಿಗೆ ಬಂದ್ರೆ ಮೇಲಿಂದ ಎಷ್ಟು ಚೆನ್ನಾಗಿ ಕಾಣುತ್ತೋ!”

“ಮೇಲಿಂದಾನಾ?”

ಅವರ ದನಿಯೇ ಬದಲಾಯಿತು.

“ದೇವ್ರು ಬೀದಿಯಾಗೆ ಹೋಗ್ತಿದ್ರೆ ಮೇಲೆ ನಿಂತ್ಕೊಂಡು ಬಗ್ಗಿ ನೋಡ್ತಾರಾ? ನಿಮ್ಮನೇಲಿ ಹಂಗಾ?” ಎಂದವರೇ ಫೋನು ಇಟ್ಟುಬಿಟ್ಟರು.

ನನಗೆ ಗೊತ್ತಿಲ್ಲದ್ದೇ? ಚಿಕ್ಕವಳಿದ್ದಾಗ ಉತ್ಸವ ಬಂದರೆ ಅಜ್ಜಿ ನಮ್ಮನ್ನೆಲ್ಲ ಮಾಳಿಗೆಯಿಂದ ದರದರ ಎಳೆದುಕೊಂಡು ಕೆಳಗೆ ತರುತ್ತಿದ್ದರು. ಉತ್ಸವಮೂರ್ತಿಗಿಂತ ಮೇಲೆ ನಿಂತು ನೋಡಬಾರದು. ನಮ್ಮ ಕಾಲೋನಿಯ ಬೀದಿಗೆ ಯಾವ ದೇವರೂ ಬರುವುದಿಲ್ಲ, ನನಗೆ ಮರೆತೇ ಹೋಗಿತ್ತು. ನಾಚಿಕೆಯಾಗುತ್ತಿದೆ.

ಫೆಬ್ರವರಿ 11, ಮಂಗಳವಾರ

ಅವರು ಫೋನು ಎತ್ತುತ್ತಿಲ್ಲ. ಆ ಲೀಡ್ ಮುಚ್ಚಿಬಿಡಿ ಎಂದು ಓವೈಸ್ ಹೇಳಿದ. ಇನ್ನೊಂದು ವಾರ ಇರಲಿ ಅಂದೆ. ಬೇರೆ ಯಾರೂ ಒಪ್ಪುವ ಹತ್ತಿರಕ್ಕೂ ಬಂದಿಲ್ಲ. ಕೆಲಸ ಉಳಿಯುವ ಹಾಗೆ ಕಾಣುವುದಿಲ್ಲ.

ಇವರು ಊಟದ ಹೊತ್ತಿಗೆ ಶುರುಮಾಡಿದರು. ಮೊದಲು ಬಿಸಿಲು. ಆಮೇಲೆ, ರಿಟೈರಾದವನ ಹೆಂಡತಿ ದುಡಿಯೋಕೆ ಹೊರಟಳು ಅಂತ ಜನ ಆಡಿಕೊಳ್ಳುವುದು. “ಅದಿರಲಿ ರೀ, ನಿಮಗ್ಯಾಕೆ ಬೇಡ?” ಎಂದು ಕೇಳಿ, ಸೌಟು ಹಿಡಿದುಕೊಂಡು ಹಾಗೇ ನಿಂತೆ. ಇವರು ಮಜ್ಜಿಗೆ ಕಲಸಿದರು, ಕಲಸಿದ್ದನ್ನೇ ಕಲಸಿದರು.

“ಹನ್ನೊಂದು ಗಂಟೆಗೆ ಕಾಫಿ ಮಾಡ್ಕೊತೀನಲ್ಲ ರಮಾ, ಎರಡು ಲೋಟಕ್ಕೆ ಬಗ್ಗಿಸಿಬಿಡ್ತೀನಿ. ಆಮೇಲೆ ಇನ್ನೊಂದನ್ನ ಏನು ಮಾಡೋದು ಅಂತ್ಲೇ ಗೊತ್ತಾಗಲ್ಲ” ಅಂದರು.

ಇವರ ಜೊತೆ ಇಷ್ಟು ವರ್ಷ ಇದ್ದೇನೆ. ಇಂಥ ಮಾತು ಇವರೊಳಗೆ ಇದೆಯೆಂದು ಗೊತ್ತಿರಲಿಲ್ಲ. ನಾಳೆಯಿಂದ ಹನ್ನೊಂದಕ್ಕೆ ಆಫೀಸಿನಿಂದ ಫೋನು ಮಾಡುತ್ತೇನೆ, ಅಲ್ಲಿಂದ ನಾನು ಕುಡಿಯುತ್ತೇನೆ, ಇಲ್ಲಿಂದ ನೀವು ಕುಡಿಯಿರಿ ಎಂದು ಹೇಳಿದ್ದೇನೆ. ಎರಡನೆಯ ಲೋಟ ಮಧ್ಯಾಹ್ನಕ್ಕಿರಲಿ.

ಫೆಬ್ರವರಿ 14, ಶುಕ್ರವಾರ

ಮುನಿಗಂಗಮ್ಮನೇ ಆಫೀಸಿಗೆ ಫೋನು ಮಾಡಿದರು! ಹೆಸರು ಗೊತ್ತಿಲ್ಲದೆ, “ಆ ಚಕ್ಕುಲಿ ತಿನ್ನೋ ಹೆಣ್ಮಗಳನ್ನ ಕರೀರಿ” ಅಂದರಂತೆ. ಮೈಕು ಮುಚ್ಚಿದ್ದೇನೆಂದು ನಾನು ಅಂದುಕೊಂಡಿದ್ದೆ.

“ಅವತ್ತು ಕೋಪ ಮಾಡ್ಕೊಂಡೆ. ನಿಂದೇನು ತಪ್ಪು, ನಿಂಗೆ ಇಳಿಯೋಕೆ ಮಂಡಿ ಐತೆ” ಅಂದರು. ಆಮೇಲೆ ಮಾತು ನಿಂತಿತು. ನಾನೂ ಸುಮ್ಮನಿದ್ದೆ.

“ಪಲ್ಲಕ್ಕಿ ಬರೋ ಹೊತ್ತಿಗೆ ನಾನೇನು ಮಾಡ್ತೀನಿ ಗೊತ್ತಾ? ಕಿಟಕಿ ಎಲ್ಲ ಹಾಕ್ಸಿ, ಒಳಗಿನ ರೂಮಾಗೆ ನೆಲದ ಮೇಲೆ ಕುಂತ್ಕೊತೀನಿ. ನೆಲದ ಮೇಲೆ ಕುಂತ್ರೂ ಸ್ವಾಮಿಗಿಂತ ಮೇಲೇ ಅಲ್ವಾ? ಅದಕ್ಕೇ ತಲೆ ಬಗ್ಗಿಸ್ಕೊಂಡಿರ್ತೀನಿ. ವಾಲಗ ಬಂದು ಮನೆ ಮುಂದೆ ನಿಲ್ತದೆ. ಸೊಸೆ ಆರತಿ ಮಾಡ್ತಾಳೆ. ನಾನು ಮದ್ವೆ ಆಗಿ ಬಂದಾಗಿಂದ ಮಾಡ್ತಿದ್ದ ಆರತಿ ಅದು. ಆಮೇಲೆ ವಾಲಗ ಮುಂದಕ್ಕೆ ಹೋಗ್ತದೆ. ಕಿಟಕಿ ತೆಗೀತಾರೆ.”

ಬಾಯಲ್ಲಿ ಚಕ್ಕುಲಿ ಇರಲಿಲ್ಲ. ಆದರೂ ನೀರಿನ ಲೋಟಕ್ಕೆ ಕೈ ಹೋಯಿತು.

“ಅದೊಂದಿವ್ಸ ಇಳೀಬೇಕು ಅಂತ ಆಸೆ. ಒಂದಿವ್ಸಕ್ಕೆ ಅಂತ ಲಿಫ್ಟ್ ಹಾಕ್ಸಿದ್ರೆ ಮಿಕ್ಕಿದ ದಿವ್ಸ ಎಲ್ರೂ ಅದ್ರಾಗೇ ಬತ್ತಾರೆ. ಯಾವ್ದು ಬುಡ್ಲಿ ಹೇಳು.”

ಕಿಟಕಿಯಾಚೆ ಬೈಯಪ್ಪನಹಳ್ಳಿ ಕಡೆಯ ಮೆಟ್ರೊ ಬಂತು, ಹೋಯಿತು. ಅದು ಹೋದ ಮೇಲೆ ಕೇಳಿದೆ: “ಅಮ್ಮಾ, ಲಿಫ್ಟಿಗೊಂದು ಬೀಗ ಇದ್ರೆ?”

 ನಾನು ಕಾದೆ.

“ಬೀಗದ ಕೈ ಯಾರತ್ರ ಇರ್ತದೆ?”

“ನಿಮ್ಮ ಸೆರಗಿನ ತುದೀಲಿ.”

ಅವರು ನಕ್ಕರು ನೋಡಿ! ಹೆಡ್‌ಫೋನು ಕಿತ್ತು ಬರುವ ನಗು. “ನನ್ ಮಗಂಗೂ ಕೊಡಲ್ಲ. ಹತ್ತಲಿ ಅವ್ನು, ಹೊಟ್ಟೆ ಬಂದೈತೆ” ಅಂದರು.

ಫೆಬ್ರವರಿ 17, ಸೋಮವಾರ

ಓವೈಸ್ ಆಗುವುದಿಲ್ಲ ಅಂದ. ಬೀಗ ಇರುವ ಲಿಫ್ಟ್ ನಮ್ಮಲ್ಲಿಲ್ಲ, ಇದ್ದದ್ದನ್ನು ಮಾರಬೇಕು. ಗುಂಡಿಗಳ ಪಕ್ಕ ಒಂದು ಬೀಗ ಕೂರಿಸುವುದೇನು ಮಹಾ, ಮೆಕ್ಯಾನಿಕ್ಕನ್ನು ಕೇಳಿಕೊಂಡೇ ಬಂದಿದ್ದೇನೆ ಅಂದೆ. ಒಳಗೆ ಯಾರಾದರೂ ಸಿಕ್ಕಿಕೊಂಡರೆ ಅಂದ. ಇನ್ನೊಂದು ಕೀ ಗಾಜಿನ ಪೆಟ್ಟಿಗೆಯಲ್ಲಿ ಗೋಡೆಗಿರಲಿ, ಅಪಾಯವಾದಾಗ ಮಾತ್ರ ಒಡೆಯುವುದು ಅಂದೆ. “ಆದ್ರೂ ಬೇಡ ಮೇಡಂ” ಅಂದ.

ನಾನು ಅವನ ಎದುರಿನ ಕುರ್ಚಿಯಲ್ಲಿ ಕೂತುಕೊಂಡೆ. ಅವನು ಪೆನ್ನು ತಿರುಗಿಸಿದ.

“ಹೋದ ತಿಂಗ್ಳು ಇನ್ನೊಬ್ಬರಿಗೆ ಅಂತ ಹೀಗೇ ಸ್ಪೆಷಲ್ ಕೇಳೋಕೆ ಹೋಗಿದ್ದೆ. ಮೀಟಿಂಗಲ್ಲಿ ಎಲ್ಲರ ಮುಂದೆ ನಗಾಡಿದ್ರು. ಮತ್ತೆ ಕೇಳೋಕೆ ಆಗಲ್ಲ ನಂಗೆ.”

ನಾಲ್ಕು ಭಾಷೆಯ ಈ ಹುಲಿಗೂ ಹೆದರಿಕೆ ಇದೆ! ನನಗೆ ಅವನ ಮೇಲೆ ಇದ್ದ ಗೌರವ ಇನ್ನೂ ಹೆಚ್ಚಾಯಿತು. “ನಾನು ಬರ್ತೀನಿ, ನಾನೇ ಕೇಳ್ತೀನಿ” ಅಂದೆ.

ಕೇಳಿದೆ. ಮೀಟಿಂಗಿನವರು ನಗಾಡಿದರು. ನಗು ಮುಗಿಯುವವರೆಗೆ ಕಾದು ಮತ್ತೆ ಕೇಳಿದೆ. ಮಾಡಿಕೊಡುತ್ತಾರಂತೆ, ಪಲ್ಲಕ್ಕಿ ಬರುವುದರೊಳಗೆ.

ಫೆಬ್ರವರಿ 24, ಸೋಮವಾರ

ಮುನೀಂದ್ರ ಸಹಿ ಹಾಕಲು ಆಫೀಸಿಗೆ ಬಂದಿದ್ದರು.

“ಮೇಡಂ, ದುಡ್ಡು ನಂದು, ಲಿಫ್ಟು ನಮ್ಮಮ್ಮಂದು, ನಾನು ಮೆಟ್ಲು ಹತ್ಬೇಕಾ?”

“ಹೌದು ಸರ್” ಅಂದೆ.

ಸಹಿ ಹಾಕಿದರು.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ಆಫೀಸಿಗೆ ರಜ. ಓವೈಸ್ ಮನೆಯಿಂದಲೇ ಫೋನು ಮಾಡಿ, “ಮೇಡಂ, ನೀವು ಪರ್ಮನೆಂಟ್” ಅಂದ. ಮಿಕ್ಕಿದ್ದ ಹೋಳಿಗೆ ಬಿಸಿ ಮಾಡಿಕೊಂಡು ಇಬ್ಬರೂ ತಿಂದೆವು. ಇವರು ತುಪ್ಪ ಜಾಸ್ತಿ ಹಾಕಿದರು.

ಏಪ್ರಿಲ್ 13, ಭಾನುವಾರ

ರಾತ್ರಿಯಿಡೀ ಊರು ಸುತ್ತಿದ ಪಲ್ಲಕ್ಕಿ ಮುನಿಗಂಗಮ್ಮನ ಬೀದಿಗೆ ಬರುವುದು ಬೆಳಗಿನ ಜಾವಕ್ಕೆ. ಇವರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ನಾನು ಬರುತ್ತೇನೆಂದು ಮುನೀಂದ್ರರಿಗೆ ಮಾತ್ರ ಹೇಳಿದ್ದೆ.

ಗೇಟಿನ ಪಕ್ಕ ಜನರ ನಡುವೆ ನಿಂತೆವು. ಬೆಳಕು ಆಗಷ್ಟೇ ಹರಿಯುತ್ತಿತ್ತು. ವಾಲಗ ತಿರುವಿನಲ್ಲಿ ಕೇಳಿದಾಗ ಒಳಗೆ ಲಿಫ್ಟಿನ ಬಾಗಿಲು ತೆರೆಯಿತು. ಭಾರಿ ಆಳು ಅಂದುಕೊಂಡಿದ್ದೆನಲ್ಲ, ಇಷ್ಟೇ ಇಷ್ಟು ಹೆಂಗಸು, ಹಳದಿ ರೇಷ್ಮೆ ಸೀರೆ, ಸೆರಗಿನ ತುದಿಯಲ್ಲಿ ಗಂಟು. ಸೊಸೆ ಒಂದು ಕಡೆ, ಇನ್ನೊಂದು ಕಡೆ ಸಾಲೇಹಾ ಇರಬೇಕು, ತೋಳು ಹಿಡಿದಿದ್ದರು. ಗೇಟಿನ ಹತ್ತಿರ ಬರುತ್ತಲೇ ಇಬ್ಬರ ಕೈಯನ್ನೂ ಬಿಡಿಸಿಕೊಂಡರು.

ಮಾರು ಮಾರು ಮಲ್ಲಿಗೆ ಮುಡಿದ ಪಲ್ಲಕ್ಕಿ ಬಂದು ಮನೆ ಮುಂದೆ ನಿಂತಿತು. ಹೊತ್ತವರ ಹೆಗಲ ಮೇಲೆ ಸ್ವಾಮಿ. ಮುನಿಗಂಗಮ್ಮ ಆರತಿ ಎತ್ತಿದರು. ಎತ್ತಿ, ತಲೆಯನ್ನೂ ಎತ್ತಿ, ಮೇಲೆ ನೋಡಿದರು. ಮುಚ್ಚಿದ ಕಿಟಕಿಯೊಳಗೆ ತಲೆ ಬಗ್ಗಿಸಿ ಕೂತಿದ್ದವರು ಬೀದಿಯ ನೆಲದ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಮೇಲಕ್ಕೆ ನೋಡುತ್ತಿದ್ದರು. ವಾಲಗದವರು ಮುಂದೆ ಹೋಗಲು ಆತುರಪಡಲಿಲ್ಲ.  ನಾನು ಅತ್ತುಬಿಟ್ಟೆ. ಪಕ್ಕದಲ್ಲಿ ಇವರೂ ಮೂಗೊರೆಸಿಕೊಂಡರು, ಕರ್ಪೂರದ ಹೊಗೆ ಅಂದರು.

ಪಲ್ಲಕ್ಕಿ ಹೋಯಿತು, ಇವರೂ ಅದರ ಹಿಂದೆ ತಿರುವಿನವರೆಗೆ ಹೋದರು. ಮುನಿಗಂಗಮ್ಮ ಯಾರ ಕಡೆಗೂ ನೋಡದೆ ಲಿಫ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ಮೇಲೆ ಬನ್ನಿ ಮೇಡಂ, ತಿಂಡಿ ಆಗ್ತೈತೆ. ಇವತ್ತೊಂದಿನ ನಿಮಗೋಸ್ಕರ ಲಿಫ್ಟ್ ಕಳಿಸು ಅಂತ ಅಮ್ಮಂಗೆ ಹೇಳ್ತೀನಿ” ಎಂದು ಮುನೀಂದ್ರ ಫೋನು ತೆಗೆದರು.

“ಬೇಡ” ಅಂದೆ.

ಹತ್ತಿದೆ. ಮೊದಲ ಮಹಡಿಯಲ್ಲಿ ಬಿರಿಯಾನಿ ಎಲೆಯ ವಾಸನೆ, ಎರಡನೆಯದರಲ್ಲಿ ಒಗೆದು ಹರವಿದ ಬಟ್ಟೆ. ಅಲ್ಲಿಂದ ಮೇಲೆ ಮಂಡಿ ಮಾತಾಡತೊಡಗಿತು. ಕಂಬಿ ಹಿಡಿದುಕೊಂಡು, ನಿಂತು, ಮತ್ತೆ ಹತ್ತಿದೆ. ಕೊನೆಯ ತಿರುವಿನಲ್ಲಿ ತಲೆಯೆತ್ತಿದರೆ ಮೆಟ್ಟಿಲಿನ ಎದುರಿಗೇ ಕುರ್ಚಿ, ಕುರ್ಚಿಯಲ್ಲಿ ಅವರು.

ನಾನು ಯಾರೆಂದು ಹೇಳಬೇಕೆಂದು ಬಾಯಿ ತೆರೆದೆ. ಉಸಿರು ಬಿಟ್ಟು ಬೇರೇನೂ ಬರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು.

“ಮಾತಾಡ್ಬೇಡ” ಅಂದರು. “ಹಂಗೇ ಇರು ಒಂದು ಗಳಿಗೆ.”

ಹಾಗೇ ಇದ್ದೆ. ನನ್ನ ಮುಖವನ್ನು ನೋಡಿದರು, ತೃಪ್ತಿಯಾಗುವಷ್ಟು ನೋಡಿದರು. ಆಮೇಲೆ ಪಕ್ಕದ ಕುರ್ಚಿಯನ್ನು ಎಳೆದರು.

“ಚಕ್ಕುಲಿ ಹೆಣ್ಮಗಳು ನೀನೇ ಅಲ್ವಾ? ಬಾ, ಕುಂತ್ಕೋ.”

ವಾಪಸ್ಸು ಬರುವಾಗ ಸ್ಕೂಟರಿನಲ್ಲಿ ಇವರು ಕೇಳಿದರು: “ಹೇಗಿದೆಯೇ ನೀನು ಮಾರಿದ ಲಿಫ್ಟು?”

ಗೊತ್ತಿಲ್ಲ ಅಂದೆ. ನಾನು ಅದರಲ್ಲಿ ಹೋಗಲೇ 
ಇಲ್ಲ.